ಮಧ್ಯಾಹ್ನದಿಂದ ಮಗು ಮಿಸುಕಾಡುದು ಕಡಿಮೆ ಆದ ಹಾಗೆ ಅನ್ನಿಸ್ತಾ ಉಂಟು, ಯಾರಾದ್ರೂ ಎದ್ದಿದ್ದೀರಾ?

ಪೆರ್ಲದ ಸೊಸೆ, ರಾತ್ರಿ 9.40
ನಂಗೆ ಈಗ 29 ವಾರ, ಮೊದಲನೇದ್ದು. ತವರು ಸುಳ್ಯ ಕಡೆ, ಮದುವೆ ಆಗಿ ಇಲ್ಲಿ ಕಾಸರಗೋಡು ಕಡೆಗೆ ಬಂದು ಒಂದೂವರೆ ವರ್ಷ ಆಯ್ತು. ದಿನಾ ರಾತ್ರಿ ಊಟ ಮಾಡಿ ಮಲಗಿದ ಕೂಡ್ಲೇ ಒಳಗೆ ಗಲಾಟೆ ಶುರು ಆಗ್ತದೆ, ಹನ್ನೊಂದು ಗಂಟೆವರೆಗೆ ನಿದ್ದೆ ಮಾಡ್ಲಿಕ್ಕೆ ಬಿಡುದೇ ಇಲ್ಲ, ನಿನ್ನೆ ಕೂಡ ಹಾಗೇ ಇತ್ತು. ಇವತ್ತು ಬೆಳಿಗ್ಗೆ ದೋಸೆ ತಿಂದ ಮೇಲೆ ಎರಡು ಸಲ ಒದ್ದದ್ದು ಗೊತ್ತಾಯ್ತು, ಮಧ್ಯಾಹ್ನದ ನಂತ್ರ ಒಂದು ಸಲ ಸಣ್ಣಕೆ ಹೊರಳಿದ ಹಾಗೆ ಆಯ್ತು, ಅದು ಮಗುವಾ ಗ್ಯಾಸಾ ಅಂತ ಕೂಡ ಖಾತ್ರಿ ಇಲ್ಲ. ಈಗ ಊಟ ಆಗಿ ಮುಕ್ಕಾಲು ಗಂಟೆ ಆಯ್ತು, ಎಡಕ್ಕೆ ತಿರುಗಿ ಮಲಗಿದ್ದೇನೆ, ಏನೂ ಇಲ್ಲ. ಹೊಟ್ಟೆ ಮೇಲೆ ಕೈ ಇಟ್ಕೊಂಡು ಇಟ್ಕೊಂಡು ಈಗ ನನ್ನ ಕೈಯ ನಾಡಿಯೇ ಮಗು ಅಂತ ಅನ್ನಿಸ್ಲಿಕ್ಕೆ ಶುರು ಆಗಿದೆ. ಇದು ಮಾಮೂಲಾ? ನಾಳೆ ಬೆಳಿಗ್ಗೆವರೆಗೆ ನೋಡ್ಬಹುದಾ?

ಮೀಯಪದವಿನ ಅಕ್ಕ, ರಾತ್ರಿ 9.46
ಸ್ಕ್ಯಾನಿಂಗ್ ರಿಪೋರ್ಟಲ್ಲಿ ಪ್ಲಾಸೆಂಟಾ ಎಲ್ಲಿ ಉಂಟು ಅಂತ ಬರೆದಿದ್ದಾರೆ ನೋಡು ತಂಗಿ. ನನ್ನ ದೊಡ್ಡವಳಲ್ಲಿ ಆಂಟೀರಿಯರ್ ಇತ್ತು, ಅಂದ್ರೆ ಮಾಸು ಹೊಟ್ಟೆಯ ಮುಂದಿನ ಬದಿಗೆ ಅಂಟಿಕೊಂಡದ್ದು, ಮಧ್ಯ ಒಂದು ತಲೆದಿಂಬು ಇಟ್ಟ ಹಾಗೆ, ಮಗು ಒಳಗಿಂದ ಎಷ್ಟು ಒದ್ದರೂ ಹೊರಗೆ ಅರ್ಧ ಗೊತ್ತಾಗ್ತದೆ. ನಂಗೆ ಮೊದಲ ಸಲ ಗೊತ್ತಾದದ್ದೇ 22 ವಾರಕ್ಕೆ, ಅಷ್ಟರೊಳಗೆ ನನ್ನ ನಾದಿನಿಗೆ ಎರಡನೇದ್ದರಲ್ಲಿ 17ಕ್ಕೇ ಗೊತ್ತಾಗಿ ಅವಳು ಮನೆಯಿಡೀ ಹೇಳ್ಕೊಂಡು ತಿರುಗ್ತಾ ಇದ್ಲು, ನಾನು ಬಚ್ಚಲಲ್ಲಿ ಕೂತು ಅತ್ತದ್ದು ನಂಗೇ ಗೊತ್ತು. ಆದ್ರೆ ನಿಂದು ಆ ಕಥೆ ಅಲ್ಲ ಅನ್ನಿಸ್ತದೆ, ನಿಂಗೆ ದಿನಾ ಗೊತ್ತಾಗ್ತಾ ಇತ್ತಲ್ಲ, ಇವತ್ತು ಮಾತ್ರ ಇಲ್ಲ ಅಲ್ವಾ?

ಉಪ್ಪಳ 22, ರಾತ್ರಿ 9.51
ಫ್ರಿಜ್ಜಿನ ತಣ್ಣೀರು ಒಂದು ಗ್ಲಾಸ್ ಕುಡಿ, ಮೇಲಿಂದ ಒಂದು ತುಂಡು ಬೆಲ್ಲ ತಿನ್ನು. ನಂದು ಲಿಂಬೆ ಶರಬತ್ತು ಕುಡಿದ ಕೂಡ್ಲೇ ಎದ್ದು ಕುಣೀತಿತ್ತು 😄

ಮುಳ್ಳೇರಿಯದ ಅಮ್ಮ, ರಾತ್ರಿ 9.55
ಹೆದ್ರಬೇಡ ಮಗಾ. ಮಗುವಿಗೂ ನಿದ್ದೆ ಅಂತ ಇರ್ತದೆ. ನಾನು ನಾಲ್ಕು ಹೆತ್ತವಳು, ನಮ್ಮ ಕಾಲದಲ್ಲಿ ಇಷ್ಟೆಲ್ಲ ಲೆಕ್ಕ ಹಾಕ್ತಾ ಕೂತದ್ದಿಲ್ಲ. ದೇವರಿಗೆ ದೀಪ ಇಟ್ಟು ಮಲಗು, ಬೆಳಿಗ್ಗೆ ಎಲ್ಲ ಸರಿ ಆಗ್ತದೆ.

ಸಿಸ್ಟರ್ ಕುಂಬ್ಳೆ, ರಾತ್ರಿ 10.02
ಬೆಳಿಗ್ಗೆವರೆಗೆ ಕಾಯ್ಬೇಡಿ. ಈಗ ಹೊರಡಿ.
ನಾನು ಹೆರಿಗೆ ವಾರ್ಡಲ್ಲಿ ಕೆಲಸ ಮಾಡುವವಳು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೇನೆ. ಅಮ್ಮ ಹೇಳಿದ್ದು ಒಂದು ಅರ್ಥದಲ್ಲಿ ಸರಿ, ಮಗು ಒಳಗೆ ಮಲಗ್ತದೆ, ಆದ್ರೆ ಒಂದು ನಿದ್ದೆ ಅಂದ್ರೆ 20 ನಿಮಿಷ, 40 ನಿಮಿಷ, ಹೆಚ್ಚೆಂದ್ರೆ ಒಂದೂವರೆ ಗಂಟೆ. ಮಧ್ಯಾಹ್ನದಿಂದ ರಾತ್ರಿವರೆಗೆ ಯಾವ ಮಗುವೂ ಒಂದೇ ಸಮ ಮಲಗುದಿಲ್ಲ. 28 ವಾರ ಕಳೆದ ಮೇಲೆ ಕಡಿಮೆ ಅನ್ನಿಸಿದ್ರೆ ಅವತ್ತೇ ತೋರಿಸ್ಬೇಕು, ಹಗಲಾ ರಾತ್ರಿಯಾ ಅಂತ ಇಲ್ಲ. ಖಾತ್ರಿ ಇಲ್ಲದಿದ್ರೆ ಎಡಕ್ಕೆ ಮಲಗಿ ಎರಡು ಗಂಟೆಯಲ್ಲಿ ಹತ್ತು ಆಗ್ತದಾ ನೋಡಿ ಅಂತ ನಾವೇ ಹೇಳ್ತೇವೆ, ಆದ್ರೆ ನಿಮ್ಮದು ಅರ್ಧ ದಿನ ಆಯ್ತು, ಇನ್ನು ಎಣಿಸ್ತಾ ಕೂರುದರಲ್ಲಿ ಅರ್ಥ ಇಲ್ಲ. ಬೆಲ್ಲ ತಣ್ಣೀರು ಅಂತ ಕೂಡ ಟೈಮ್ ಕಳೀಬೇಡಿ.
ರಕ್ತ ಹೋಗ್ತಾ ಉಂಟಾ? ನೀರು ಹೋದದ್ದು, ಹೊಟ್ಟೆ ಗಟ್ಟಿ ಆಗುದು, ತಲೆನೋವು, ಕಣ್ಣು ಮಂಜಾಗುದು ಏನಾದ್ರೂ ಉಂಟಾ?

ಪೆರ್ಲದ ಸೊಸೆ, ರಾತ್ರಿ 10.08
ಅದೆಲ್ಲ ಏನೂ ಇಲ್ಲ ಸಿಸ್ಟರ್. ಆದ್ರೆ ಹೋಗ್ಲಿಕ್ಕೆ ಒಂದು ರೀತಿ ಆಗ್ತದೆ. ಹೋದ ತಿಂಗಳು ಒಂದು ಕಡೆ ಹೀಗೇ ಹೋದದ್ದಕ್ಕೆ ಡಾಕ್ಟ್ರು ಮೊಬೈಲ್ ನೋಡಿ ನೋಡಿ ಬರುದು ನೀವೆಲ್ಲ ಅಂತ ಎಲ್ಲರೆದುರು ಗದರಿಸಿದ್ರು. ಇವರಿಗೆ ರಾತ್ರಿ ಪಾಳಿ, ಮನೆಯಲ್ಲಿ ಅತ್ತೆ ಮಾವ ಮಾತ್ರ. ಧೋ ಅಂತ ಮಳೆ, ಕರೆಂಟಿಲ್ಲ. ಕಾಸರಗೋಡಿಗೆ ಹೋಗುದಾ, ಪುತ್ತೂರಿಗಾ, ಮಂಗಳೂರಿಗಾ ಅಂತ ಮಾವ ಕೇಳಿದ್ರೆ ನಾನೆಂತ ಹೇಳುದು? ಮಲಯಾಳ ಬೇರೆ ನಂಗೆ ಸರಿ ಬರುದಿಲ್ಲ, ಮೊದಲ ಸಲದ ಕಥೆಯೇ ಒಂದು ಉಂಟು, ಅದು ಆಮೇಲೆ ಹೇಳ್ತೇನೆ.

ಸಿಸ್ಟರ್ ಕುಂಬ್ಳೆ, ರಾತ್ರಿ 10.11
ಹತ್ತಿರ ಯಾವುದು ಅದಕ್ಕೆ, ರಾತ್ರಿ ಹೆರಿಗೆ ಡಾಕ್ಟ್ರು ಇರ್ತಾರಾ ಅಂತ ಮೊದಲು ಫೋನ್ ಮಾಡಿ ಕೇಳಿ. ಯಾವುದೂ ಗೊತ್ತಾಗದಿದ್ರೆ 1056ಕ್ಕೆ ಮಾಡಿ, ಕೇರಳದ ದಿಶಾ ನಂಬರು, ರಾತ್ರಿಯೂ ಎತ್ತುತ್ತಾರೆ. ಗಾಡಿ ಇಲ್ಲದಿದ್ರೆ 108. ನಿಮ್ಮ ಕಾರ್ಡು, ಎಲ್ಲ ಸ್ಕ್ಯಾನ್ ರಿಪೋರ್ಟು, ಒಂದು ಜೊತೆ ಬಟ್ಟೆ, ನೀರಿನ ಬಾಟ್ಲಿ ಹಿಡ್ಕೊಳ್ಳಿ.
ಅಲ್ಲಿ ಹೋಗಿ ಈ ಒಂದು ಮಾತು ಹೇಳಿದ್ರೆ ಸಾಕು: "ಕುಞ್ಞಿನ್ ಅನಕ್ಕಂ ಕುರವಾಣ್." ಮಗುವಿನ ಮಿಸುಕಾಟ ಕಡಿಮೆ ಅಂತ ಅರ್ಥ. ಇದನ್ನು ಕೇಳಿದ್ರೆ ಯಾರೂ ಕ್ಯೂ ನಿಲ್ಲಿಸುದಿಲ್ಲ.

ಹೊಸಂಗಡಿ, ರಾತ್ರಿ 10.19
ನಾನು ಇಲ್ಲಿ ಬರೆಯುದು ಕಡಿಮೆ. 36 ವಾರ ಆಗಿತ್ತು. ಶುಕ್ರವಾರ ಕಡಿಮೆ ಅನ್ನಿಸಿತು, ಸೋಮವಾರ ಹೇಗೂ ಚೆಕಪ್ ಉಂಟಲ್ಲ ಅಂತ ಕಾದೆ. ಸೋಮವಾರ ಸ್ಕ್ಯಾನಿಂಗ್ ರೂಮಲ್ಲಿ ಅವರು ಸ್ಕ್ರೀನನ್ನು ನನ್ನ ಕಡೆಯಿಂದ ಅತ್ಲಾಗೆ ತಿರುಗಿಸಿದ್ರು. ಶುಕ್ರವಾರವೇ ಬಂದಿದ್ರೆ ಉಳೀತಿತ್ತಾ ಅಂತ ಡಾಕ್ಟ್ರತ್ರ ಕೇಳಿದೆ, ಅದನ್ನು ಹೇಳ್ಲಿಕ್ಕೆ ಆಗುದಿಲ್ಲ ಅಂದ್ರು, ಸುಳ್ಳು ಸಮಾಧಾನ ಹೇಳ್ಲಿಲ್ಲ. ನಿಂಗೆ ಹೆದರಿಸ್ಲಿಕ್ಕೆ ಬರೆದದ್ದಲ್ಲ. ಬೈಸಿಕೊಂಡ್ರೆ ಬೈಸಿಕೋ, ಹೋಗು.

ಪೆರ್ಲದ ಸೊಸೆ, ರಾತ್ರಿ 10.22
ಹೊರಟೆವು. ಮಾವ ಜೀಪು ತೆಗೀತಾ ಇದ್ದಾರೆ, ಅತ್ತೆ ಕೂಡ ಬರ್ತಾರೆ. ಕಾಸರಗೋಡಿಗೇ ಹೋಗುದು. ಹೊಸಂಗಡಿ ಅಕ್ಕ, ನಿಮ್ಮದು ಓದಿ ಎಂತ ಹೇಳುದು ಗೊತ್ತಾಗ್ತಿಲ್ಲ.

ಮೀಯಪದವಿನ ಅಕ್ಕ, ರಾತ್ರಿ 10.25
ನಿಧಾನ ಹೋಗ್ಲಿಕ್ಕೆ ಹೇಳು, ಮಳೆಗೆ ರಸ್ತೆ ಹೊಂಡ ಕಾಣುದಿಲ್ಲ. ನಾವೆಲ್ಲ ಎದ್ದಿರ್ತೇವೆ.
ಹೊಸಂಗಡಿಯವ್ರೇ, ನೀವು ಅದನ್ನು ಬರೆದದ್ದು ಸಣ್ಣ ಸಂಗತಿ ಅಲ್ಲ.

ಅಡೂರಿನ ಅಪ್ಪ, ರಾತ್ರಿ 10.41
ಅವರು ಹೋಗಿ ತಲುಪುವ ಒಳಗೆ ಒಂದು ಪ್ರಶ್ನೆ, ಗಂಡಸು ಕೇಳುದು ಅಂತ ನಗಾಡ್ಬೇಡಿ. ನಾನು ಆನ್‌ಲೈನಲ್ಲಿ ಒಂದು ಡಾಪ್ಲರ್ ತರಿಸಿದ್ದೇನೆ, ಹೆಂಡತಿಗೆ 31 ವಾರ, ದಿನಾ ರಾತ್ರಿ ಜೆಲ್ ಹಾಕಿ ಹೃದಯ ಬಡಿಯುದು ಕೇಳಿ ಮಲಗುದು. ಇದು ಇದ್ರೆ ಸಾಕಲ್ವಾ, ಒದೆತ ಎಲ್ಲ ಲೆಕ್ಕ ಹಾಕ್ಬೇಕಾ?

ಸಿಸ್ಟರ್ ಕುಂಬ್ಳೆ, ರಾತ್ರಿ 10.47
ನಗಾಡುದಿಲ್ಲ ಅಣ್ಣ, ಆದ್ರೆ ಅದನ್ನು ಒಳಗಿಟ್ಟುಬಿಡಿ. ಎಷ್ಟೋ ಸಲ ಅದರಲ್ಲಿ ಕೇಳುದು ತಾಯಿಯದ್ದೇ ರಕ್ತನಾಳದ ಶಬ್ದ, ಇಲ್ಲದಿದ್ರೆ ಮಾಸಿನದ್ದು. ಮಗುವಿನದ್ದು ನಿಮಿಷಕ್ಕೆ 110ರಿಂದ 160, ತಾಯಿ ಹೆದರಿ ಕೂತ್ರೆ ಅವಳದ್ದೂ 110 ದಾಟ್ತದೆ, ನಿಮಗೆ ಹೇಗೆ ಗೊತ್ತಾಗುದು? ಮತ್ತೆ ಹೃದಯ ಬಡೀತಾ ಉಂಟು ಅಂದ್ರೆ ಈಗ ಈ ನಿಮಿಷಕ್ಕೆ ಬಡೀತಾ ಉಂಟು ಅಂತ ಮಾತ್ರ. ಆಮ್ಲಜನಕ ಸರಿ ಸಿಗದಿದ್ರೆ ಮಗು ಮೊದಲು ಕಡಿಮೆ ಮಾಡುದು ಆಟವನ್ನು, ಇದ್ದ ಶಕ್ತಿಯನ್ನು ಹೃದಯಕ್ಕೆ ಮೆದುಳಿಗೆ ಅಂತ ಉಳಿಸ್ತದೆ, ಬಡಿತ ತಪ್ಪುದು ಆಮೇಲೆ. ಡಾಪ್ಲರ್ ಕೇಳಿ ಸಮಾಧಾನ ಆಗಿ ಮಲಗಿದವರನ್ನು ನಾನು ನೋಡಿದ್ದೇನೆ, ಅದೇ ಹೆದರಿಕೆ ನಂಗೆ.

ಅಡೂರಿನ ಅಪ್ಪ, ರಾತ್ರಿ 10.52
ಸರಿ. ಮೂರು ಸಾವಿರ ಹೋಯ್ತು 🙏

ನೀರ್ಚಾಲು ಟೀಚರ್, ರಾತ್ರಿ 10.58
ನಾನು ಇಡೀ ದಿನ ಕ್ಲಾಸಲ್ಲಿ ನಿಂತ್ಕೊಂಡೇ ಇರುವವಳು, ಬಸ್ಸಲ್ಲಿ ಕೂಡ ನಿಂತೇ ಬರುದು, ಸಂಜೆ ಮನೆಗೆ ಬಂದು ಇವತ್ತು ಮಗು ಒದ್ದಿತಾ ಅಂತ ಕೇಳಿದ್ರೆ ನಂಗೆ ನೆನಪೇ ಇರುದಿಲ್ಲ. ನಾವು ನಡೀತಾ ಇದ್ರೆ ಮಗುವಿಗೆ ತೊಟ್ಟಿಲು ತೂಗಿದ ಹಾಗೆ ಆಗಿ ಮಲಗ್ತದೆ, ಕೆಲಸದ ಗಡಿಬಿಡಿಯಲ್ಲಿ ಒದ್ದರೂ ನಮ್ಮ ಗಮನಕ್ಕೆ ಬರುದಿಲ್ಲ ಅಂತ ನನ್ನ ಡಾಕ್ಟ್ರು ಹೇಳಿದ್ದು. ಅವರ ಲೆಕ್ಕ ಬೆಳಿಗ್ಗೆ ಮಧ್ಯಾಹ್ನ ರಾತ್ರಿ ತಿಂದ ಮೇಲೆ ಒಂದೊಂದು ಗಂಟೆ, ಪ್ರತಿ ಗಂಟೆಗೆ ಮೂರಾದ್ರೂ ಆಗ್ಬೇಕು. ಬರೆದಿಡ್ಲಿಕ್ಕೆ ಹೋದ್ರೆ ನಾನು ಐದನೇದ್ದಾ ಆರನೇದ್ದಾ ಅಂತ ಮರೀತಿದ್ದೆ. ನಮ್ಮಜ್ಜಿಯ ಚೆನ್ನೆಮಣೆ, ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮಣೆ, ಅಟ್ಟದಲ್ಲಿತ್ತು, ಹೇಗೂ ಅದನ್ನು ಆಡುವ ಆಟಿ ತಿಂಗಳು ಅಂತ ಇಳಿಸಿದ್ದು, ಈಗ ರಾತ್ರಿ ಅದನ್ನು ಹಾಸಿಗೆ ಬದಿಯಲ್ಲಿ ಇಟ್ಕೊಳ್ತೇನೆ. ಒಂದು ಒದೆತಕ್ಕೆ ಒಂದು ಕಾಯಿ ಎಡದ ಗುಳಿಯಿಂದ ಬಲದ ಗುಳಿಗೆ. ಹೊರಳಿದ್ದೂ ಲೆಕ್ಕ, ಮೊಣಕೈ ತಿವಿದದ್ದೂ ಲೆಕ್ಕ, ಬಿಕ್ಕಳಿಕೆ ಮಾತ್ರ ಲೆಕ್ಕ ಇಲ್ಲ, ಅದು ಟಕ್ ಟಕ್ ಅಂತ ಗಡಿಯಾರದ ಹಾಗೆ ಒಂದೇ ತಾಳದಲ್ಲಿ ಬರ್ತದಲ್ಲ, ಗೊತ್ತಾಗ್ತದೆ. ಹತ್ತು ಕಾಯಿ ಮುಗಿದ್ರೆ ದೀಪ ಆರಿಸುದು.
ನಮ್ಮ ಕಡೆ ಎಣಿಸುದು ಅಂದ್ರೆ ಲೆಕ್ಕ ಮಾಡುದೂ ಹೌದು, ಯೋಚನೆ ಮಾಡುದೂ ಹೌದು. ನಂಗೆ ಈಗ ಎರಡೂ ಒಟ್ಟಿಗೆ ಆಗ್ತಾ ಉಂಟು.

ಉಪ್ಪಳ 22, ರಾತ್ರಿ 11.06
ಎಡಕ್ಕೆ ಒದ್ರೆ ಹೆಣ್ಣು ಬಲಕ್ಕೆ ಒದ್ರೆ ಗಂಡು ಅಂತಾರಲ್ಲ ಟೀಚರೇ, ನಿಮ್ಮ ಕಾಯಿ ಎತ್ಲಾಗೆ ಹೋಗ್ತದೆ? 😜

ನೀರ್ಚಾಲು ಟೀಚರ್, ರಾತ್ರಿ 11.08
ನನ್ನದು ಕೆಳಗೆ ಮೂತ್ರಚೀಲಕ್ಕೇ ಒದೆಯುದು, ಅದಕ್ಕೆಂತ ಅರ್ಥ ಹೇಳಿ. ಮಗು ಯಾವ ಬದಿಗೆ ಬೆನ್ನು ಹಾಕಿದೆ ಅದರ ಎದುರು ಬದಿಗೆ ಕಾಲು, ಅಷ್ಟೇ.

ಬಂದ್ಯೋಡು, ರಾತ್ರಿ 11.20
ಯಾವ ಊರಿಗೆ ಹೋಗುದು ಅಂತ ಅವಳು ಕೇಳಿದ್ದು ಓದಿ ನಂಗೆ ಹಳೇದು ನೆನಪಾಯ್ತು. ನನ್ನ ಮೊದಲ ಬಾಣಂತನ 2020ರಲ್ಲಿ. ಡಾಕ್ಟ್ರು ಮಂಗಳೂರಲ್ಲಿ, ನಾವೆಲ್ಲ ಜ್ವರಕ್ಕೂ ಮಂಗಳೂರಿಗೇ ಓಡುವವರಲ್ವಾ, ಮಾರ್ಚ್ ಕೊನೆಗೆ ಕೊರೊನಾ ಅಂತ ತಲಪಾಡಿ ಗಡಿ ಬಂದ್, ಒಳದಾರಿಗಳಿಗೆ ಮಣ್ಣು ಸುರಿದದ್ದು. ನಂಗೆ ಆಗ 33 ವಾರ, ಒಂದು ದಿನ ಹೀಗೇ ಕಡಿಮೆ ಅನ್ನಿಸಿತು. ಗಡಿ ದಾಟಿದ್ರೆ ಅರ್ಧ ಗಂಟೆಯ ದಾರಿ, ದಾಟ್ಲಿಕ್ಕೆ ಇಲ್ಲ. ಕೊನೆಗೆ ಕಾಸರಗೋಡಿಗೆ ಹೋಗಿ ಅಲ್ಲೇ ಹೆರಿಗೆ ಕೂಡ ಆಯ್ತು, ಈಗ ಶಾಲೆಗೆ ಹೋಗ್ತಾಳೆ. ಅವತ್ತಿಂದ ನಾನು ಎಲ್ಲರಿಗೂ ಹೇಳುದು ಒಂದೇ, ಮಂಗಳೂರು ಡಾಕ್ಟ್ರು ಇರ್ಲಿ, ಆದ್ರೆ ಗಡಿಯ ಈಚೆ ಕೂಡ ಒಂದು ಆಸ್ಪತ್ರೆಯಲ್ಲಿ ನಿಮ್ಮ ಹೆಸರು, ಫೈಲು ಇರ್ಬೇಕು. ತಿಂಗಳ 9ನೇ ತಾರೀಕಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಉಂಟು, ಅದಕ್ಕಾದ್ರೂ ಒಂದು ಸಲ ಹೋಗಿ ಮುಖ ತೋರಿಸಿ ಬನ್ನಿ.

ಮೀಯಪದವಿನ ಅಕ್ಕ, ರಾತ್ರಿ 12.30
ಸುದ್ದಿ ಇಲ್ಲವಾ ಇನ್ನೂ?

ಹೊಸಂಗಡಿ, ರಾತ್ರಿ 12.31
ನಾನೂ ಅದೇ ನೋಡ್ತಾ ಇದ್ದೇನೆ.

ಪೆರ್ಲದ ಸೊಸೆ, ರಾತ್ರಿ 2.15
ಸರಿ ಉಂಟು. ಮಗು ಸರಿ ಉಂಟು. ಚಾರ್ಜ್ ಇರ್ಲಿಲ್ಲ ಫೋನಲ್ಲಿ, ಕ್ಷಮಿಸಿ ಎಲ್ಲರೂ.
ಸಿಸ್ಟರ್ ಹೇಳಿಕೊಟ್ಟ ಮಾತು ಜೀಪಲ್ಲಿ ಇಡೀ ದಾರಿ ಬಾಯಿಪಾಠ ಮಾಡಿದ್ದೆ, ಅತ್ತೆ ಜಪ ಮಾಡ್ತಿದ್ದಾಳೆ ಅಂತ ಎಣಿಸಿದ್ರಂತೆ. ಅಲ್ಲಿ ಹೇಳಿದ ಕೂಡ್ಲೇ ಚೀಟಿ ಕೂಡ ಮಾಡಿಸದೆ ಒಳಗೆ ಕರ್ಕೊಂಡು ಹೋದ್ರು. ಮೊದಲು ಬಡಿತ ಕೇಳಿಸಿದ್ರು, ಆಮೇಲೆ ಎನ್‌ಎಸ್‌ಟಿ ಅಂತ, ಮಗುವಿನ ಬಡಿತವನ್ನು ಗೆರೆಯಲ್ಲಿ ತೋರಿಸುವ ಪರೀಕ್ಷೆ, ಹೊಟ್ಟೆಗೆ ಎರಡು ಬೆಲ್ಟು ಕಟ್ಟಿ, ಕೈಗೆ ಒಂದು ಗುಂಡಿ ಕೊಟ್ಟು ಮಿಸುಕಿದ್ರೆ ಒತ್ತು ಅಂದ್ರು. ಪಕ್ಕದಲ್ಲಿ ಕಾಗದದ ಮೇಲೆ ಗೆರೆ ಬರ್ತಾ ಇರ್ತದೆ, ಶಬ್ದ ಹೊಲಿಗೆ ಮೆಷಿನ್ ಜೋರಾಗಿ ತುಳಿದ ಹಾಗೆ. ಇಪ್ಪತ್ತು ನಿಮಿಷ ಗೆರೆ ಒಂದೇ ಸಮ ಹೋಯ್ತು, ನಾನು ಒಮ್ಮೆಯೂ ಒತ್ಲಿಲ್ಲ, ಸಿಸ್ಟರ ಮುಖ ನೋಡ್ತಾ ಮಲಗಿದ್ದೆ, ಅವರ ಮುಖದಲ್ಲಿ ಏನೂ ಗೊತ್ತಾಗುದಿಲ್ಲ. ಮತ್ತೆ ಇನ್ನೊಂದು ಬದಿಗೆ ತಿರುಗಿಸಿ ಇನ್ನೂ ಇಪ್ಪತ್ತು ನಿಮಿಷ ಇಡುವ ಅಂದ್ರು. ಇಪ್ಪತ್ತಾರನೇ ನಿಮಿಷಕ್ಕೆ ಒಂದು ಒದೆತ. ಗೆರೆ ಗುಡ್ಡೆ ಹತ್ತಿದ ಹಾಗೆ ಮೇಲೆ ಹೋಗಿ ಇಳಿಯಿತು. ಮಿಸುಕಿದಾಗ ಬಡಿತ ಹಾಗೆ ಏರ್ಬೇಕಂತೆ, ಅದೇ ಒಳ್ಳೆ ಲಕ್ಷಣ ಅಂತೆ. ಆಮೇಲೆ ನಿಲ್ಲಲೇ ಇಲ್ಲ, ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ನೋವಾಯ್ತು, ನಾನು ಅಳ್ತಾ ಒತ್ತುದು, ಅತ್ತೆ ಸೆರಗಿನಲ್ಲಿ ನನ್ನ ಮೂಗು ಒರೆಸುದು. ಸ್ಕ್ಯಾನಿಂಗಲ್ಲಿ ಮಗುವಿನ ಸುತ್ತ ಇರುವ ನೀರು 12 ಉಂಟು, ಅದು ಸರಿಯೇ, ಬೆಳವಣಿಗೆ ಸರಿ ಉಂಟು. ಪ್ಲಾಸೆಂಟಾ ಮುಂದೆಯೇ ಅಂತೆ, ಮೀಯಪದವಿನ ಅಕ್ಕನಿಗೆ ಇದ್ದ ಹಾಗೆಯೇ. ಮಗು ತಿರುಗಿ ಬೆನ್ನಿನ ಕಡೆಗೆ ಒದೀತಾ ಇದ್ದದ್ದಾಗಿರ್ಬೇಕು ಅಂದ್ರು.
ಡಾಕ್ಟ್ರು ಸಣ್ಣ ಪ್ರಾಯದವರು. ನಾನು ಸಾರಿ ಅಂದೆ ಸುಮ್ನೆ ಬಂದೆ ಅಂತ. ಅವರು ನಾಳೆ ಪುನಃ ಹೀಗೇ ಆದ್ರೆ ನಾಳೆ ಪುನಃ ಬಾ ಅಂದ್ರು.

ಮೀಯಪದವಿನ ಅಕ್ಕ, ರಾತ್ರಿ 2.17
ಉಸ್ಸಪ್ಪ. ಈಗ ಹೋಗಿ ಮಲಗು ಮಾರಾಯ್ತಿ, ನಾನೂ ಮಲಗ್ತೇನೆ, ಐದಕ್ಕೆ ಹಾಲು ಕರೀಲಿಕ್ಕುಂಟು.

ಮುಳ್ಳೇರಿಯದ ಅಮ್ಮ, ಬೆಳಿಗ್ಗೆ 6.30
ಈಗ ನೋಡಿದೆ. ನಾನು ಮಲಗು ಅಂದದ್ದು ತಪ್ಪಾಯ್ತು ಮಗಾ. ಒಂದು ಕೇಳುದು ಸಿಸ್ಟರಮ್ಮ, ಒಂಬತ್ತನೇ ತಿಂಗಳಲ್ಲಿ ಮಗು ಕೆಳಗೆ ಇಳಿದು ಆಡುದು ನಿಲ್ಲಿಸ್ತದೆ ಅಂತ ನಮ್ಮಮ್ಮ ಹೇಳ್ತಾ ಇದ್ರು, ಅದಾದ್ರೂ ಹೌದಾ?

ಸಿಸ್ಟರ್ ಕುಂಬ್ಳೆ, ಬೆಳಿಗ್ಗೆ 7.10
ಅದೂ ಅಲ್ಲಮ್ಮ, ಬೇಜಾರು ಮಾಡ್ಬೇಡಿ. 32 ವಾರದವರೆಗೆ ಹೆಚ್ಚಾಗ್ತಾ ಹೋಗ್ತದೆ, ಆಮೇಲೆ ಹೆಚ್ಚುಕಮ್ಮಿ ಅಷ್ಟೇ ಇರ್ತದೆ, ಹೆರಿಗೆ ನೋವು ಬರುವವರೆಗೂ. ಜಾಗ ಕಡಿಮೆ ಆಗ್ತದಲ್ಲ, ಹಾಗಾಗಿ ಪಲ್ಟಿ ಹೊಡೆಯುದು ಹೋಗಿ ಒತ್ತುದು, ಉಜ್ಜುದು, ಹೊಟ್ಟೆ ಒಂದು ಬದಿ ಉಬ್ಬುದು ಹೀಗೆ ಆಗ್ತದೆ. ರೀತಿ ಬೇರೆ ಆಗ್ಬಹುದು, ಲೆಕ್ಕ ಕಡಿಮೆ ಆಗ್ಬಾರ್ದು. ಈ ಒಂದು ಮಾತು ನಂಬಿ ಮನೆಯಲ್ಲಿ ಕೂತವರು ತುಂಬ ಜನ.

ಪೆರ್ಲದ ಸೊಸೆ, ಸಂಜೆ 4.50
ಆ ಕಥೆ ಹೇಳ್ತೇನೆ ಅಂದಿದ್ದೆ ಅಲ್ವಾ. 24 ವಾರದಲ್ಲಿ ಚೆಕಪ್‌ಗೆ ಹೋದಾಗ ಅಲ್ಲಿಯ ಸಿಸ್ಟರ್ "ಅನಕ್ಕಂ ಉಂಡೋ?" ಅಂತ ಕೇಳಿದ್ರು, ಮಿಸುಕಾಟ ಉಂಟಾ ಅಂತ ಅರ್ಥ. ನಂಗೆ ಕೇಳಿದ್ದು ಅನ್ನ ಉಂಡ್ಯಾ ಅಂತ. ಬೆಳಿಗ್ಗೆ ಹತ್ತು ಗಂಟೆಗೆ ಯಾರು ಅನ್ನ ಉಣ್ತಾರೆ, ನಾನು ಪಾಪದವಳ ಹಾಗೆ "ಇಲ್ಲ" ಅಂದೆ. ಮಲಯಾಳದಲ್ಲೂ ಇಲ್ಲ ಅಂದ್ರೆ ಇಲ್ಲವೇ ಅಲ್ವಾ! ಅವರು ಗಾಬರಿ ಆಗಿ "ಇಲ್ಲೇ?" ಅಂತ ಪುನಃ ಕೇಳಿದ್ರು, ನಾನು ಪುನಃ ಇಲ್ಲ, ದೋಸೆ ಮಾತ್ರ ಅಂದೆ. ಕೈ ಹಿಡಿದು ಎಳ್ಕೊಂಡು ಹೋಗಿ ಮಲಗಿಸಿ ಡಾಪ್ಲರ್ ಇಟ್ಟೇ ಬಿಟ್ರು, ನಾನು ಅನ್ನ ಉಣ್ಣದಿದ್ದಕ್ಕೆ ಇಷ್ಟೆಲ್ಲ ಮಾಡ್ತಾರಾ ಅಂತ ಹೆದರಿ ಮಲಗಿದ್ದೆ.

ಉಪ್ಪಳ 22, ಸಂಜೆ 4.55
😂😂😂 ದೋಸೆ ಮಾತ್ರ!!

ಬಂದ್ಯೋಡು, ಸಂಜೆ 5.20
ನಗು ಬರ್ತದೆ, ಆದ್ರೆ ಅಲ್ಲಿಯ ಬೋರ್ಡು, ಪುಸ್ತಕ ಎಲ್ಲ ಮಲಯಾಳದಲ್ಲೇ ಇದ್ರೆ ಕನ್ನಡದ ಹೆಂಗಸರು ಎಂತ ಮಾಡ್ಬೇಕು? ಆಶಾ ಕಾರ್ಯಕರ್ತೆಯತ್ರ ಕನ್ನಡದಲ್ಲಿ ಒಂದು ಚೀಟಿ ಬರೆಸಿ ಕೊಡಿ ಅಂತ ನಾನು ಈ ಸಲ ಕೇಳ್ತೇನೆ.

ಪೆರ್ಲದ ಸೊಸೆ, ಮೂರು ವಾರದ ನಂತ್ರ
32 ದಾಟಿತು. ನಡುವೆ ಇನ್ನೊಂದು ಸಲ ಹೋಗಿ ಬಂದೆ, ಅವತ್ತೂ ಸರಿ ಇತ್ತು. ನನ್ನ ಮಗುವಿನ ಟೈಮ್ ಟೇಬಲ್ ಈಗ ಗೊತ್ತಾಗಿದೆ, ಬೆಳಿಗ್ಗೆ ಐದೂವರೆಗೆ ಒಂದು ಪಾಳಿ, ರಾತ್ರಿ ಒಂಬತ್ತೂವರೆಗೆ ಇನ್ನೊಂದು. ಮೊನ್ನೆ ದೇವಸ್ಥಾನದಲ್ಲಿ ತಾಳಮದ್ದಲೆ ಇತ್ತು, ಚೆಂಡೆಗೆ ಪೆಟ್ಟು ಬಿದ್ದ ಕೂಡ್ಲೇ ಒಳಗೆ ಬೆಚ್ಚಿ ಬಿದ್ದದ್ದು ಸೀರೆ ಮೇಲಿಂದ ಅತ್ತೆಗೂ ಕಂಡಿತು. ಈಗ ಸಿಸ್ಟರ್ ಅನಕ್ಕಂ ಉಂಡೋ ಅಂದ್ರೆ ಜೋರಾಗಿ "ಉಂಡ್" ಅಂತೇನೆ.

ಹೊಸಂಗಡಿ, ಅದೇ ದಿನ ರಾತ್ರಿ
ಸಂತೋಷ ಆಯ್ತು. ನಾನು ಇಷ್ಟರವರೆಗೆ ಯಾರಿಗೂ ಹೇಳಿರ್ಲಿಲ್ಲ, ನಂಗೆ ಈಗ 18 ವಾರ. ಇನ್ನೂ ಏನೂ ಗೊತ್ತಾಗ್ತಿಲ್ಲ. ಹಿಂದಿನ ಸಲ ಇಷ್ಟೊತ್ತಿಗೆ ಗೊತ್ತಾಗಿತ್ತಾ ಅಂತ ನೆನಪು ಮಾಡ್ಲಿಕ್ಕೇ ಹೆದರಿಕೆ.

ಸಿಸ್ಟರ್ ಕುಂಬ್ಳೆ, ಅದೇ ದಿನ ರಾತ್ರಿ
18ಕ್ಕೆ ಗೊತ್ತಾಗದಿರುದು ಮಾಮೂಲು. 24 ಆದ್ರೂ ಏನೂ ಇಲ್ಲದಿದ್ರೆ ತೋರಿಸುದು. ಮೊದಲಿನದ್ದನ್ನು ಡಾಕ್ಟ್ರಿಗೆ ಹೇಳಿದ್ದೀರಲ್ಲ? ನಿಮಗೆ ಸ್ಕ್ಯಾನಿಂಗ್ ಹೆಚ್ಚು ಮಾಡ್ತಾರೆ, ಮಾಡ್ಲಿ. ಯಾವಾಗ ಬೇಕಾದ್ರೂ ನಂಗೆ ಮೆಸೇಜ್ ಹಾಕಿ, ರಾತ್ರಿ ಡ್ಯೂಟಿ ಇದ್ರೂ ನೋಡ್ತೇನೆ.

ಹೊಸಂಗಡಿ, ಅದೇ ದಿನ ರಾತ್ರಿ
ಹೇಳಿದ್ದೇನೆ. ಟೀಚರೇ, ಆ ಚೆನ್ನೆಮಣೆ ಕಾಯಿ ಈಗ ಎಲ್ಲಾದ್ರೂ ಸಿಗ್ತದಾ?

ನೀರ್ಚಾಲು ಟೀಚರ್, ಮರುದಿನ ಬೆಳಿಗ್ಗೆ
ಅಂಗಡಿಯಲ್ಲಿ ಹುಡುಕ್ಬೇಡಿ. ಅಜ್ಜಿಯ ಡಬ್ಬಿಯಲ್ಲಿ ಇನ್ನೂ ತುಂಬ ಉಂಟು, ಕೆಂಪು ಕೆಂಪು, ಒಂದಕ್ಕೂ ಹುಳ ಹಿಡೀಲಿಲ್ಲ. ಶನಿವಾರ ನಂಗೆ ಮಂಜೇಶ್ವರಕ್ಕೆ ಬರ್ಲಿಕ್ಕುಂಟು, ಹತ್ತು ತೆಗೆದಿಡ್ತೇನೆ. ಒಂದೆರಡು ಹೆಚ್ಚೇ ಇರ್ಲಿ.